ಕಂಟ್ರಾಕ್ಟರ್ ಹಾಕಿಸಿದ ಜಪ್ತಿ ತೆರವು ಮಾಡಿಸಿದವರು ಇದ್ದೀರಾ?

ಶಿರಾಗೇಟ್: ತುಮಕೂರಲ್ಲಿ ಮನೆ ಕಟ್ಟಿಸಿದೆವು. ಕೊನೆ ಬಿಲ್ 4 ಲಕ್ಷದ ಜಗಳ. ಕಂಟ್ರಾಕ್ಟರ್ ದಾವೆ ಹಾಕಿ, ತೀರ್ಪಿಗೆ ಮೊದಲೇ ಮನೆ ಮೇಲೆ ಜಪ್ತಿ ಆದೇಶ ತಂದಿದ್ದಾನೆ. ಇಸಿಯಲ್ಲೂ (ಆಸ್ತಿ ಮೇಲಿನ ಸಾಲ, ಜಪ್ತಿ ತೋರಿಸುವ ಋಣಭಾರ ಪತ್ರ) ಬಂದಿದೆ. ಮನೆ ಮಾರಬೇಕು. ಅನುಭವ ಇದ್ದವರು ಹೇಳಿ.

ಗುಬ್ಬಿಯವ: ನಾನು ರಾಜಿ ಮಾಡಿಕೊಂಡೆ. ಅವನು ಕೇಳಿದ್ದು 3,40,000. ನನ್ನ ಲೆಕ್ಕದಲ್ಲಿ 1,90,000 ಕೊಟ್ಟರೂ ಜಾಸ್ತಿಯೇ. ಸಂಪ್ ಸೋರುತ್ತಿತ್ತು, ಪ್ಯಾರಪೆಟ್‌ಗೆ ಪ್ಲಾಸ್ಟರಿಂಗ್ ಆಗಿರಲಿಲ್ಲ, ಹಾಲ್ ಟೈಲ್ಸ್ ತಟ್ಟಿದರೆ ಟೊಳ್ಳು ಸದ್ದು. ಲೋಕ ಅದಾಲತ್‌ನಲ್ಲಿ 2,75,000ಕ್ಕೆ ಮುಗಿಯಿತು. ವಕೀಲರಿಗೆ 35,000. ಕೋರ್ಟ್ ಫೀ ವಾಪಸ್ ಬಂತು, ಅದೂ ಅವನಿಗೇ! ರಾಜಿಯಲ್ಲಿ ಜಪ್ತಿ ತೆರವು ಅನ್ನುವ ಸಾಲನ್ನೇ ವಕೀಲರು ಬರೆಸಿರಲಿಲ್ಲ. ಮತ್ತೆ ಅರ್ಜಿ, ಮತ್ತೆ ಫೀಸ್.

ಕೋಲಾರದವ: ದುಡ್ಡು ಕೊಟ್ಟು ಬಂದವರು ಸಲಹೆ ಕೊಟ್ಟರೆ ಹೀಗೇ. ನಾನು ಅವನಿಗೆ ಒಂದು ರೂಪಾಯಿ ಕೊಡಲಿಲ್ಲ. ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) ಆದೇಶ 38, ನಿಯಮ 9 ಓದಿ. ಕೋರ್ಟ್ ಕೇಳಿದ ಭದ್ರತೆ ಕೊಟ್ಟರೆ ಜಪ್ತಿ ತೆಗೆಯಬೇಕು. 5 ಲಕ್ಷ ಎಫ್‌ಡಿ ಇಟ್ಟು ಬ್ಯಾಂಕ್ ಗ್ಯಾರಂಟಿ (ನಾನು ಸೋತು ಕೊಡದಿದ್ದರೆ ಬ್ಯಾಂಕ್ ಕೊಡುತ್ತದೆ ಅನ್ನುವ ಪತ್ರ) ಕೊಟ್ಟೆ. ಮನೆ ಬಿಡುಗಡೆ ಆಯಿತು. ಕೇಸು ಇನ್ನೂ ಇದೆ, ನಡೆಯಲಿ.

ಗುಬ್ಬಿಯವ: 5 ಲಕ್ಷ ಕಟ್ಟಿಹಾಕಿಕೊಂಡು ಒಂದು ರೂಪಾಯಿ ಕೊಡಲಿಲ್ಲ ಅಂತೀರಲ್ಲ ಸ್ವಾಮಿ!

ಕೋಲಾರದವ: ಎಫ್‌ಡಿಗೆ ಬಡ್ಡಿ ಬರುತ್ತದೆ. ನಿಮ್ಮ 2,75,000ಕ್ಕೆ ಬರುತ್ತಾ?

ಚಿಂತಾಮಣಿ ಅಕ್ಕ: ನಮ್ಮದು ಬ್ಯಾಂಕಿನ ಗೋಳು. ಹೋಮ್ ಲೋನ್ ತೀರಿಸಿದರೂ ಇಸಿಯಲ್ಲಿ ಅಡಮಾನ ಹಾಗೇ ಇತ್ತು. ಮೂಲ ಪತ್ರ ಹುಡುಕುತ್ತಿದ್ದೇವೆ ಅನ್ನುತ್ತಲೇ ಇದ್ದರು. 2023ರ ಸೆಪ್ಟೆಂಬರಿನ ಆರ್‌ಬಿಐ ಸುತ್ತೋಲೆ ಪ್ರಿಂಟ್ ತೆಗೆದು ಮ್ಯಾನೇಜರ್ ಮುಂದಿಟ್ಟೆ. 30 ದಿನದೊಳಗೆ ಪತ್ರ ಕೊಟ್ಟು ಋಣವನ್ನೂ ತೆಗೆಸಬೇಕು, ಅವರ ಕಡೆಯಿಂದ ತಡವಾದರೆ ದಿನಕ್ಕೆ 5,000. ಪತ್ರ ತಾನಾಗಿ ಸಿಕ್ಕಿತು!

ಗುಬ್ಬಿಯವ: ಅಕ್ಕಾ, ಇಲ್ಲಿ ವಿಷಯ ಕಂಟ್ರಾಕ್ಟರ್ ಜಪ್ತಿ.

ಚಿಂತಾಮಣಿ ಅಕ್ಕ: ಯಾರದಾದರೇನು, ಮಾರೋಕೆ ಹೋದಾಗ ಅಡ್ಡ ಬರೋದು ಇಸಿನೇ ಅಲ್ವಾ?

ಮಾಲೂರು ಮೇಸ್ತ್ರಿ: ನಮ್ಮ ಕಷ್ಟ ಯಾರೂ ಬರೆಯಲ್ಲ. ಕಬ್ಬಿಣ, ಸಿಮೆಂಟು ಸಾಲ ತಂದು ಕಟ್ಟುತ್ತೇವೆ. ಗೃಹಪ್ರವೇಶದ ಊಟ ಆದಮೇಲೆ ಓನರ್ ಫೋನ್ ಎತ್ತಲ್ಲ. ಬಿಲ್ ಬಾಕಿ ಅಂತ ಸುಮ್ನೆ ಜಪ್ತಿ ಸಿಗಲ್ಲ ಸಾರ್. ಆಸ್ತಿ ಮಾರಿ ಕೈಕೊಡುತ್ತಾನೆ ಅಂತ ಜಡ್ಜ್‌ಗೆ ನಂಬಿಕೆ ಬರಬೇಕು. ಇವರು ಮಾರುತ್ತೇನೆ ಅಂತ ಇಲ್ಲೇ ಬರೆದಿದ್ದಾರೆ!

ಶಿರಾಗೇಟ್: ಮಾರೋದು ಮಗಳ ಓದಿಗೆ, ಓಡಿಹೋಗೋಕಲ್ಲ. ಕೋಲಾರದವರೇ, ಗ್ಯಾರಂಟಿ ಒಂದು ಸಲ ಕೊಟ್ಟರೆ ಸಾಕಾ?

ಕೋಲಾರದವ: ಕೇಸು ಮುಗಿಯುವವರೆಗೆ ವರ್ಷವರ್ಷ ರಿನ್ಯೂ ಮಾಡಿಸುತ್ತಿದ್ದೇನೆ. ಕಮಿಷನ್ ಬೇರೆ.

ಗುಬ್ಬಿಯವ: ಈಗ ಬಂತು ನೋಡಿ ಕಮಿಷನ್!