ಈ ವಾರದ ಸಮಸ್ಯೆ: ಕಪ್ಪುಬಿಳುಪಿಗೆ ನೀಲಿ

ಕಾಳೀತೀರ, ವಿಜಯಪುರ: ಕಾರವಾರ ಬಿಟ್ಟು ಗುಮ್ಮಟದ ಊರು ಸೇರಿ ಅರ್ಧ ಆಯುಷ್ಯ ಕಳೆಯಿತು. ನಿನ್ನೆ ಟ್ರಂಕಿನಲ್ಲಿ ಅಪ್ಪನ ಅಗ್ಫಾ ಕ್ಲಿಕ್ ಕ್ಯಾಮೆರಾದ ಪಟಗಳು ಸಿಕ್ಕವು. ರೋಲಿಗೆ 12 ಪಟ. ಹೆಚ್ಚಿನವು ಸದಾಶಿವಗಡದ ಗುಡ್ಡ, ಕಾಳಿ ಕಡಲು ಸೇರುವ ಅಳಿವೆ. ಮನೆಯವರಿಗೆ ದಕ್ಕಿದ್ದು ಎರಡೇ. ಕೊನೆಯ ಸಾಲು ಇದು, ಮೇಲಿನ ಮೂರು ಸಾಲು ಕಟ್ಟಿ ಪದ್ಯ ಪೂರೈಸಿ:

*ಕಪ್ಪಿನ ಬಿಳುಪಿನ ಪಟಕ್ಕೆ ನೀಲಿಯೆ ಬಣ್ಣಂ*

ಗಾಂಧಿಚೌಕದ ಮಾಸ್ತರ: ಕಂದವೇ, ಹಳಗನ್ನಡದ ನಾಲ್ಕು ಸಾಲಿನ ಪದ್ಯ? ಚಹಾ ಆರುವ ಮೊದಲೇ ಆಯಿತು.

ಅಪ್ಪಂ ತೆಗೆದಾ ಚಿತ್ರದೊ-
ಳುಪ್ಪಿನ ಗಾಳಿಯೆ ಮರಳ್ದು ಮೂಗಿಗೆ ತಟ್ಟಲ್
ಮುಪ್ಪಿನ ಕಣ್ಣೊಳ್ ಕಡಲಿರೆ
ಕಪ್ಪಿನ ಬಿಳುಪಿನ ಪಟಕ್ಕೆ ನೀಲಿಯೆ ಬಣ್ಣಂ

ಕಾಳೀತೀರ: ಭೇಷ್.

ನವನಗರವಾಸಿ, ಬಾಗಲಕೋಟೆ: ನಮಗೆ ಕಡಲಿಲ್ಲ. ನೀರೇ ಊರಿಗೆ ಬಂತು.

ತೆಪ್ಪಗೆ ಮುಳುಗಿತು ನಮ್ಮೂ-
ರಪ್ಪನ ಮನೆಯುಂ ಘಟಪ್ರಭೆಯ ನೀರೊಳಗೈ
ತಪ್ಪಿದ ಪಟಮೊಂದುಳಿದಿರೆ
ಕಪ್ಪಿನ ಬಿಳುಪಿನ ಪಟಕ್ಕೆ ನೀಲಿಯೆ ಬಣ್ಣಂ

ಮಾಸ್ತರ: ಎರಡನೆಯ ಸಾಲಿನ ನಡುವೆ ಎಡವಿದ್ದೀರಿ. ‘ಘಟಪ್ರಭೆ’ ಎನ್ನುವಾಗ ‘ಟ’ ತೇಲುತ್ತದೆ, ಎರಡು ಮಾತ್ರೆ (ಉಚ್ಚಾರದ ಅಳತೆ) ತೂಗುವುದಿಲ್ಲ. ‘ಘಟಪ್ರ’ ನಾಲ್ಕಾಗಬೇಕಿತ್ತು, ಮೂರೇ ಮಾತ್ರೆ.

ನವನಗರವಾಸಿ: ಸಂಸ್ಕೃತ ಪದಕ್ಕೂ ಶಿಥಿಲದ್ವಿತ್ವ, ಅಂದರೆ ಒತ್ತಕ್ಷರವನ್ನು ತೇಲಿಸಿ ಓದುವ ರಿಯಾಯಿತಿ, ಯಾವಾಗಿನಿಂದ ಬಂತು, ಮಾಸ್ತರರೇ? ಆ ಹೊಳೆಯ ದಂಡೆಯಲ್ಲಿ ಬೆಳೆದವನು ನಾನು. ಅದರ ಒತ್ತು ನನಗೆ ಗೊತ್ತು.

ಮಾಸ್ತರ: ಒತ್ತು ಇರಲಿ. ಆಲಮಟ್ಟಿ ಅಣೆಕಟ್ಟು ಇರುವುದು ಕೃಷ್ಣೆಗೆ. ಘಟಪ್ರಭೆಯ ಮೇಲೇಕೆ ಅಪವಾದ?

ನವನಗರವಾಸಿ: ಹಿನ್ನೀರು ಹತ್ತಿ ಬಂದದ್ದು ಘಟಪ್ರಭೆಯ ಪಾತ್ರದಲ್ಲೇ. ಅಣೆಕಟ್ಟಿನ ಮಟ್ಟ 519.60 ಮೀಟರ್ ಎಂದು ಬರೆದರು. ಹಳೆ ಊರಿನ ತಗ್ಗಿನ ಓಣಿಗಳು ಆ ಲೆಕ್ಕದೊಳಗೆ ಹೋದವು. ಮುಳುಗಿದವರಿಗೆಂದು ಕಟ್ಟಿದ ನವನಗರದಲ್ಲಿ ನನಗೊಂದು ಸೆಕ್ಟರ್ ಸಂಖ್ಯೆ ಕೊಟ್ಟರು. ಸಂಖ್ಯೆಗೆ ಪ್ರಾಸ ಹುಡುಕಿ ನೋಡಿ.

ಮಾಸ್ತರ: ಸರಿ. ಆದರೆ ‘ನೀರೊಳಗೈ’ ಕೊನೆಯ ‘ಐ’ ಯಾರು? ಮಾತ್ರೆ ತುಂಬಲು ಕರೆಸಿದ ಕೂಲಿಯೇ?

ನವನಗರವಾಸಿ: ನಿಮ್ಮ ಯುಗಾದಿಯ ಪದ್ಯದಲ್ಲಿ ಮೂರು ‘ವಲಂ’ (‘ನಿಜವಾಗಿ’ ಎನ್ನುವ ಹಳಗನ್ನಡದ ಪದ) ಹೀಗೇ ದುಡಿದಿದ್ದವು. ಲೆಕ್ಕ ಇಟ್ಟಿದ್ದೇನೆ.

ಟಿಳಕವಾಡಿಯ ಅಕ್ಕ, ಬೆಳಗಾವಿ: ಈ ಪ್ರಾಸ ಸಿಕ್ಕರೆ ಎಲ್ಲರೂ ಅಪ್ಪನನ್ನೇ ಕರೆಯುತ್ತೀರಿ. ನಾನೂ ಕರೆದೆ.

ಚಿಪ್ಪೊಳ್ ಮುತ್ತೆನೆ ಬೆನ್ನೊಳ-
ಗಪ್ಪನ ಶಾಯಿಯ ವಿಳಾಸಮಿರ್ದುದು ನೋಡಾ
ಒಪ್ಪದಿನಿತ್ತಂ ತಿರುಗಿಸೆ
ಕಪ್ಪಿನ ಬಿಳುಪಿನ ಪಟಕ್ಕೆ ನೀಲಿಯೆ ಬಣ್ಣಂ

ಮಾಸ್ತರ: ಚೆನ್ನಾಗಿದೆ. ‘ವಲಂ’ ಮೂರಲ್ಲ, ಎರಡು. ಮೂರನೆಯದು ‘ಬಲಂ’, ಅಚ್ಚಿನ ತಪ್ಪು.

ನವನಗರವಾಸಿ: ನಿಮ್ಮ ತಪ್ಪುಗಳೆಲ್ಲ ಅಚ್ಚಿನವರದೇ.

ಕಾಳೀತೀರ: ಅಕ್ಕಾ, ನಿಮ್ಮ ಪದ್ಯ ಓದಿ ಪಟಗಳನ್ನು ಒಂದೊಂದಾಗಿ ತಿರುಗಿಸಿದೆ. ಅಳಿವೆಯ ಪಟದ ಹಿಂದೆ ಅಪ್ಪನ ಅಕ್ಷರವಿದೆ: ‘ಬೆಳಿಗ್ಗೆ, ಇಳಿತ.’ ಇಷ್ಟು ವರ್ಷ ನೋಡಿರಲಿಲ್ಲ. ಆದರೆ ಪೆನ್ಸಿಲ್ಲಿನಲ್ಲಿ ಬರೆದಿದ್ದಾರೆ.

ಮಾಸ್ತರ: ಪೆನ್ಸಿಲ್ಲಾದರೆ ನೀಲಿ ಎಲ್ಲಿ? ಪೂರಣ ಬಿದ್ದುಹೋಯಿತು.

ಅಕ್ಕ: ಪದ್ಯ ನನ್ನದು, ಶಾಯಿಯೂ ನನ್ನದೇ.

ನವನಗರವಾಸಿ: ‘ನೀರೊಳಗೈ’ ತೆಗೆದು ‘ನೀರಡಿಯೊಳ್’ ಎಂದು ಓದಿಕೊಳ್ಳಿ. ಘಟಪ್ರಭೆ ಅಲ್ಲೇ ಇರುತ್ತದೆ.