ಹಳೇ ಸ್ನಬ್‌ನೋಸ್ ರಿವಾಲ್ವರ್ ತಗೊಳ್ಳಬೇಕು: ಮಾಡೆಲ್ 36, 642, ಇಲ್ಲ ಕೋಲ್ಟ್?

ಆಸ್ಟಿನ್_ಅವಲಕ್ಕಿ:
ನಮಸ್ಕಾರ. ಟೆಕ್ಸಸ್‌ನಲ್ಲಿದ್ದೇನೆ, ಗ್ರೀನ್ ಕಾರ್ಡ್ ಇದೆ. .38 ಸ್ಪೆಷಲ್ ಗುಂಡಿನ, ಗಿಡ್ಡ ನಳಿಗೆಯ (ಸ್ನಬ್‌ನೋಸ್) ಒಂದು ಚಿಕ್ಕ ರಿವಾಲ್ವರ್ ಸೆಕೆಂಡ್ ಹ್ಯಾಂಡ್ ತಗೊಳ್ಳೋಣ ಅಂತಿದ್ದೇನೆ, ಬಜೆಟ್ 500 ಡಾಲರ್ ಆಸುಪಾಸು. ಹತ್ತಿರದ ಅಂಗಡಿಯಲ್ಲಿ ಮೂರು ಇವೆ: ಬಣ್ಣ ಮಾಸಿದ ಸ್ಮಿತ್ ಅಂಡ್ ವೆಸ್ಸನ್ ಮಾಡೆಲ್ 36, ಹೊಸದರಂತೆ ಕಾಣುವ ಅದೇ ಕಂಪನಿಯ 642, ಮತ್ತೆ ಒಂದು ಕೋಲ್ಟ್ ಡಿಟೆಕ್ಟಿವ್ ಸ್ಪೆಷಲ್. ಕೋಲ್ಟ್ ಬೆಲೆ ಬಜೆಟ್ ದಾಟುತ್ತದೆ, ಆದರೆ ಕೈಯಲ್ಲಿ ಹಿಡಿದರೆ ಬಿಡೋಕೆ ಮನಸ್ಸು ಬರಲ್ಲ. ಹೆಂಡತಿಯೂ ರೇಂಜ್‌ಗೆ ಬರುತ್ತಾಳೆ. ಹಳೇದು ತಗೊಳ್ಳುವಾಗ ಏನು ನೋಡಬೇಕು?

ಹಳೇ_ಕಬ್ಬಿಣ:
ಬಣ್ಣ ಮಾಸಿದ್ದಕ್ಕೆ ತಲೆ ಕೆಡಿಸಿಕೊಳ್ಳಬೇಡಿ ಸರ್. ಇವು ವರ್ಷಗಟ್ಟಲೆ ಹೋಲ್ಸ್ಟರ್‌ನಲ್ಲಿ ಕೂತು ಹೊರಗೆ ಸವೆದಿರುತ್ತವೆ, ಗುಂಡು ಹಾರಿಸಿರುವುದು ಕಮ್ಮಿ. ಫಳಫಳ ಹೊಳೆಯುವುದೇ ಕೆಲವೊಮ್ಮೆ ತುಕ್ಕಿನ ಗುಂಡಿ ಮುಚ್ಚೋಕೆ ಪಾಲಿಶ್ ಮಾಡಿದ್ದಾಗಿರುತ್ತದೆ. ಸ್ಕ್ರೂ ತಲೆಗಳನ್ನು ನೋಡಿ. ಅಂಚು ಕಿತ್ತುಹೋಗಿದ್ದರೆ ಯಾರೋ ಮನೆಯಲ್ಲೇ ಬಿಚ್ಚಿ ಆಟ ಆಡಿದ್ದಾರೆ ಅಂತ ಲೆಕ್ಕ.

ಅಸಲಿ ವಿಷಯ ಟೈಮಿಂಗ್, ಅಂದರೆ ಗುಂಡು ತುಂಬುವ ಸಿಲಿಂಡರ್ ತಿರುಗಿ ಸರಿಯಾದ ಹೊತ್ತಿಗೆ ನಳಿಗೆಯ ನೇರಕ್ಕೆ ಕೂರೋದು. ಮೊದಲು ಸಿಲಿಂಡರ್ ತೆಗೆದು ಖಾಲಿ ಅಂತ ನೀವೇ ನೋಡಿ, ಅಂಗಡಿಯವರು ನೋಡಿ ಕೊಟ್ಟಿದ್ದರೂ ಸರಿ. ನಳಿಗೆ ಯಾರ ಕಡೆಗೂ ತಿರುಗದಂತೆ ಹಿಡಿದು, ಅವರನ್ನು ಕೇಳಿಕೊಂಡೇ ಹ್ಯಾಮರನ್ನು (ಹಿಂದೆ ಇರುವ, ಬಡಿದು ಗುಂಡು ಹಾರಿಸುವ ಭಾಗ) ತುಂಬಾ ನಿಧಾನವಾಗಿ ಎಳೆಯಿರಿ, ಇನ್ನೊಂದು ಬೆರಳನ್ನು ಸಿಲಿಂಡರ್ ಮೇಲೆ ಹಗುರವಾಗಿ ಇಟ್ಟು. ಹ್ಯಾಮರ್ ಪೂರ್ತಿ ಹಿಂದೆ ಹೋಗುವ ಮೊದಲೇ, ಹೆಚ್ಚೆಂದರೆ ಅದರ ಜೊತೆಗೇ, ಸಿಲಿಂಡರ್ ಟಕ್ ಅಂತ ಕೂರಬೇಕು. ಗುಂಡು ಕೂರುವ ಎಲ್ಲಾ ಕೋಣೆಗಳಿಗೂ ಹೀಗೇ ಮಾಡಿ, ಒಂದೇ ಕೋಣೆ ತಡವಾಗಿ ಕೂತರೂ ರಿಪೇರಿ ಖರ್ಚು ಇದೆ ಅಂತಲೇ ಅರ್ಥ. ಹ್ಯಾಮರ್ ಎಳೆದು ನಿಲ್ಲಿಸಿದ ಮೇಲೆ ಹಿಂದಿನಿಂದ ಹೆಬ್ಬೆರಳಲ್ಲಿ ಸ್ವಲ್ಪ ಒತ್ತಿ, ಬಿದ್ದುಬಿಟ್ಟರೆ ಅಲ್ಲೇ ವಾಪಸ್ ಕೊಟ್ಟು ಬನ್ನಿ. ಆಮೇಲೆ ಸಿಲಿಂಡರನ್ನು ಹಿಂದೆ ಮುಂದೆ ತಳ್ಳಿ ನೋಡಿ, ಕಣ್ಣಿಗೆ ಕಾಣುವಷ್ಟು ಓಡಾಡಿದರೆ ಅದು ಎಂಡ್ ಶೇಕ್. ನಳಿಗೆಗೂ ಸಿಲಿಂಡರಿಗೂ ನಡುವಿನ ಸಂದು ಇಂಚಿನ ಸಾವಿರದಲ್ಲಿ 4ರಿಂದ 8 ಭಾಗ ಇದ್ದರೆ ಚೆನ್ನ, 10 ದಾಟಿದರೆ ಯೋಚನೆ ಮಾಡಿ. ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿಗಳು) ಜೇಬಲ್ಲಿ ಇಟ್ಟುಕೊಂಡು ಹೋಗಿ, ಯಾರೂ ಬೇಜಾರು ಮಾಡಿಕೊಳ್ಳಲ್ಲ.

ಸಿನಿಮಾದಲ್ಲಿ ಮಣಿಕಟ್ಟು ತಿರುಗಿಸಿ ಸಿಲಿಂಡರ್ ಫಟ್ ಅಂತ ಮುಚ್ಚುತ್ತಾರಲ್ಲ, ಅದು ಕ್ರೇನನ್ನು, ಅಂದರೆ ಸಿಲಿಂಡರ್ ಹೊರಗೆ ತೆರೆದುಕೊಳ್ಳುವ ತೋಳನ್ನು, ಬಗ್ಗಿಸುತ್ತದೆ. ಅಂಗಡಿಯವನೇ ಹಾಗೆ ಮುಚ್ಚಿದರೆ ಅಲ್ಲಿ ಏನೂ ತಗೋಬೇಡಿ!

ಕೋಲ್ಟ್ ಬಗ್ಗೆ: 1927ರಲ್ಲಿ ಶುರುವಾದ ಗನ್, ಆರು ಗುಂಡು, ಸ್ಮಿತ್‌ನ ಐದಕ್ಕಿಂತ ಒಂದು ಜಾಸ್ತಿ. ಟ್ರಿಗರ್ ಎಳೆದು ಹಿಡಿದಾಗ ಸಿಲಿಂಡರ್ ಒಂಚೂರೂ ಅಲುಗಾಡಬಾರದು. ಸ್ಮಿತ್‌ನಲ್ಲಿ ಚೂರು ಅಲುಗಾಡಿದರೆ ತಪ್ಪಿಲ್ಲ. ಆದರೆ ಹಳೇ ಕೋಲ್ಟ್ ಒಳಗಿನ ಕೆಲಸ ಗೊತ್ತಿರುವ ಗನ್‌ಸ್ಮಿತ್‌ಗಳು ಈಗ ಕಮ್ಮಿ, ಬಿಡಿಭಾಗವೂ ಕಷ್ಟ. ಮೊದಲನೇ ಗನ್‌ಗೆ ಬೇಡ. ನನ್ನ ವೋಟು 36ಕ್ಕೆ.

ಡಲ್ಲಾಸ್_ಕಾವೇರಿ:
ನನ್ನದೂ 36ಕ್ಕೇ, ಕಾರಣ ಮಾತ್ರ ಬೇರೆ. 642 ಅಲ್ಯೂಮಿನಿಯಂ ಫ್ರೇಮ್, 425 ಗ್ರಾಂ ಆಸುಪಾಸು. ಜೇಬಲ್ಲಿ ಇದ್ದದ್ದೇ ಗೊತ್ತಾಗಲ್ಲ, ಸರಿ. ಆದರೆ ಹಾರಿಸಿದಾಗ ಅಂಗೈಗೆ ಬೆತ್ತದ ಏಟು ಬಿದ್ದ ಹಾಗೆ. ಹೊಸಬರು ಒಂದು ಬಾಕ್ಸ್ ಮುಗಿಸೋದರೊಳಗೆ ಕಣ್ಣು ಮುಚ್ಚಿ ಟ್ರಿಗರ್ ಎಳೆಯೋಕೆ ಶುರು ಮಾಡುತ್ತಾರೆ, ಆ ಅಭ್ಯಾಸ ಬಿಡಿಸೋದು ಕಷ್ಟ. 36 ಉಕ್ಕಿನದು, 550 ಗ್ರಾಂ ಹತ್ತಿರ. ಆ ಸ್ವಲ್ಪ ತೂಕವೇ ತಡೆಯುತ್ತದೆ. ಜೊತೆಗೆ 642ರಲ್ಲಿ ಹ್ಯಾಮರ್ ಒಳಗೇ ಇರೋದರಿಂದ ಪ್ರತಿ ಸಲ ಉದ್ದ, ಗಟ್ಟಿ ಎಳೆತ. ನಿಮ್ಮ ಮನೆಯವರ ಕೈಗೆ ಎರಡನ್ನೂ ಕೊಟ್ಟು ನೋಡಿ, ನೀವೇ ತೀರ್ಮಾನ ಮಾಡಬೇಡಿ. ರೇಂಜ್‌ನಲ್ಲಿ ಬಾಡಿಗೆಗೆ 642 ಸಿಕ್ಕರೆ ಇನ್ನೂ ಒಳ್ಳೇದು.

ಹಳೇ 36ಕ್ಕೆ +ಪಿ (ಹೆಚ್ಚು ಒತ್ತಡದ) ಗುಂಡು ಹಾಕಬೇಡಿ, ಮಾಮೂಲಿ .38 ಸ್ಪೆಷಲ್ ಸಾಕು. ಮನೆಯಲ್ಲಿ ಮಕ್ಕಳಿದ್ದರೆ ಬೀಗದ ಪೆಟ್ಟಿಗೆ ಗನ್ ಬರುವ ಮೊದಲೇ ಬರಲಿ.

ಎಚ್1ಬಿ_ಹುಡುಗ:
ಅಣ್ಣ, ನನ್ನದು ಇನ್ನೂ ಎಚ್-1ಬಿ. ಗ್ರೀನ್ ಕಾರ್ಡ್ ಇರೋ ರೂಮ್‌ಮೇಟ್ ಹೆಸರಲ್ಲಿ ತಗೊಂಡರೆ ನಡೆಯುತ್ತಾ? ದುಡ್ಡು ನಾನೇ ಕೊಡ್ತೀನಿ.

ಹಳೇ_ಕಬ್ಬಿಣ:
ಬೇಡವೇ ಬೇಡ ತಮ್ಮ. ಅಂಗಡಿಯಲ್ಲಿ ತುಂಬುವ 4473 ಫಾರಂನ ಮುಖ್ಯ ಪ್ರಶ್ನೆಯೇ, ನಿಜವಾಗಿ ಕೊಳ್ಳುತ್ತಿರುವವರು ನೀವೇನಾ ಅಂತ. ಅಲ್ಲಿ ಸುಳ್ಳು ಹೇಳಿದರೆ ಫೆಡರಲ್ ಅಪರಾಧ, ರೂಮ್‌ಮೇಟ್ ಗ್ರೀನ್ ಕಾರ್ಡಿಗೂ ಕುತ್ತು. ಎಚ್-1ಬಿಯಂಥ ನಾನ್‌ಇಮಿಗ್ರಂಟ್ ವೀಸಾದವರು ಗನ್ ಕೊಳ್ಳುವಂತಿಲ್ಲ, ಇಟ್ಟುಕೊಳ್ಳುವಂತೆಯೂ ಇಲ್ಲ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್‌ನಂಥ ಕೆಲವು ವಿನಾಯಿತಿಗಳಿವೆ, ಆದರೆ ಅದನ್ನು ನಂಬಿ ಹೆಜ್ಜೆ ಇಡುವ ಮೊದಲು ಇಮಿಗ್ರೇಷನ್ ಲಾಯರ್ ಹತ್ತಿರ ಮಾತಾಡು. ಸ್ನೇಹಿತರ ಜೊತೆ ರೇಂಜ್‌ಗೆ ಹೋಗಿ ಸುಮ್ನೆ ಹಿಡಿದು ನೋಡೋದಕ್ಕೂ ಇದೇ ಮಾತು.

ಆಸ್ಟಿನ್_ಅವಲಕ್ಕಿ:
ಥ್ಯಾಂಕ್ಸ್ ಇಬ್ಬರಿಗೂ. ಇನ್ನೊಬ್ಬರು ತಮ್ಮ ಮಾಡೆಲ್ 36 ಅನ್ನು ನೇರವಾಗಿ ಕೊಡ್ತೀನಿ ಅಂತಿದ್ದಾರೆ, ಅಂಗಡಿಗಿಂತ ಅಗ್ಗ. ಅದರ ಮೇಲೆ ಮಾಡೆಲ್ ನಂಬರೇ ಇಲ್ಲ. ಏನಾದರೂ ಮೋಸ ಇರಬಹುದಾ?

ಹಳೇ_ಕಬ್ಬಿಣ:
ಸಿಲಿಂಡರ್ ತೆಗೆದು ಕ್ರೇನ್ ಕೂರುವ ಜಾಗದಲ್ಲಿ ನೋಡಿದಿರಾ? ನಂಬರ್ ಒತ್ತೋದು ಅಲ್ಲೇ. ಅಲ್ಲೂ ಇಲ್ಲದಿದ್ದರೆ ಅದು 1950ರ ದಶಕದ ಚೀಫ್ಸ್ ಸ್ಪೆಷಲ್ ಇರಬಹುದು, 36ಕ್ಕೆ ಆಗ ಇದ್ದ ಹೆಸರು. ಕಂಪನಿ ಮಾಡೆಲ್ ನಂಬರ್ ಕೊಡೋಕೆ ಶುರು ಮಾಡಿದ್ದೇ 1957ರಲ್ಲಿ. ಸೀರಿಯಲ್ ನಂಬರ್ ಹಿಡಿಯ ಅಡಿಯಲ್ಲಿರುತ್ತದೆ. ಅದನ್ನು ಉಜ್ಜಿದ್ದರೆ ಮುಟ್ಟಲೇಬೇಡಿ. ಟೆಕ್ಸಸ್‌ನವರಿಬ್ಬರ ನಡುವೆ ನೇರ ಮಾರಾಟಕ್ಕೆ ಅವಕಾಶ ಇದೆ, ಆದರೂ ಲೈಸೆನ್ಸ್ ಇರುವ ಡೀಲರ್ ಮೂಲಕವೇ ವರ್ಗಾಯಿಸಿಕೊಳ್ಳಿ. ಸ್ವಲ್ಪ ಫೀಸು ಹೋಗುತ್ತದೆ, ದಾಖಲೆ ಉಳಿಯುತ್ತದೆ. ಅದಕ್ಕೆ ಮಾರುವವರು ಒಪ್ಪದಿದ್ದರೆ ಅಂಗಡಿಯದನ್ನೇ ತಗೊಳ್ಳಿ.