ತೂಕದಾಗ ಹೊಡೆದ ರೊಕ್ಕ, ಕನ್ಫೆಷನ್, ಕರುಣೆಯ ಭಾನುವಾರ: ಯಾವುದು ಮೊದಲು?

ಶಹಾಪುರದಾಂವ:
ನಮಸ್ಕಾರ್ರಿ ಎಲ್ಲಾರಿಗೂ. ಕಲಬುರಗ್ಯಾಗ ಒಂದು ತೊಗರಿ ಅಡತಿ ಅಂಗಡಿ. ಅಲ್ಲಿ ತೂಕಕ್ಕ ನಿಲ್ಲೋ ಮನಷ್ಯಾ ಕ್ಯಾಥೊಲಿಕ್. ಮಾಲೀಕನ ಮಾತು ಕೇಳಿ ಕ್ವಿಂಟಲ್‌ಗೆ ಅರ್ಧ ಕಿಲೋ ಹೊಡೀತಿದ್ದ, ಪಟ್ಟಿಯೊಳಗ ತೋರಸ್ತಿದ್ದಿಲ್ಲ. ಈಗ ಕೆಲಸ ಬಿಟ್ಟಾನ. ಈಸ್ಟರ್ ಆದ ಮರು ಭಾನುವಾರ ಪೂಜಿಗೆ ಹೋಗಿ ಪರಮಪ್ರಸಾದ (ಪೂಜಿಯೊಳಗ ಕೊಡೋ ಪವಿತ್ರ ರೊಟ್ಟಿ) ತಗೊಂಡ್ರ ಎಲ್ಲಾ ಪಾಪ ತೊಳದು ಹೋಗ್ತಾವ, ಕನ್ಫೆಷನ್ (ಚರ್ಚಿನ ಗುರುಗಳಾದ ಫಾದರ್ ಮುಂದ ಪಾಪ ಹೇಳಿಕೊಳ್ಳೋದು) ಬ್ಯಾಡ ಅಂತ ಯಾರೋ ಹೇಳ್ಯಾರ. ಖರೇನಾ? ರೊಕ್ಕ ವಾಪಸ್ ಕೊಡಬೇಕಾ? ಕೊಡಬೇಕಂದ್ರ ಯಾರಿಗೆ? ಹೆಂಡತಿ ತವರಿನವರು ಬೀದರಿನ ಮೆಥಡಿಸ್ಟರು (ಪ್ರೊಟೆಸ್ಟೆಂಟ್ ಪಂಗಡದವರು), ಅವರಲ್ಲಿ ಇದು ಹೆಂಗ ಅಂತಾನೂ ಹೇಳ್ರಿ.

ಜಪಸರ:
"ಕನ್ಫೆಷನ್ ಬ್ಯಾಡ" ಅನ್ನೋದು ಶುದ್ಧ ತಪ್ಪು.

ಪೋಪ್ ಎರಡನೇ ಜಾನ್ ಪಾಲ್ ಅವರು 2000ದ ಏಪ್ರಿಲ್ 30ರಂದು ಪೋಲೆಂಡಿನ ಸಿಸ್ಟರ್ ಫೌಸ್ತಿನಾ ಕೊವಾಲ್ಸ್ಕಾ ಅವರಿಗೆ ಸಂತಪದವಿ ಕೊಟ್ಟಾಗಲೇ ಈಸ್ಟರ್ ನಂತರದ ಭಾನುವಾರವನ್ನು ದೈವಿಕ ಕರುಣೆಯ ಭಾನುವಾರ ಎಂದು ಸಾರಿದರು. 2002ರಲ್ಲಿ ಆ ದಿನಕ್ಕೆ ಪೂರ್ಣ ಇಂಡಲ್ಜೆನ್ಸ್ ಸೇರಿತು. ಎಡವಟ್ಟು ಆಗುವುದು ಇಲ್ಲೇ. ಇಂಡಲ್ಜೆನ್ಸ್ ಪಾಪವನ್ನು ಕ್ಷಮಿಸುವುದಿಲ್ಲ. ಕ್ಷಮೆ ಸಿಕ್ಕ ಪಾಪಕ್ಕೆ ಇನ್ನೂ ಉಳಿದಿರುವ ಶಿಕ್ಷೆಯನ್ನು ಅದು ತೆಗೆಯುತ್ತದೆ. ಅದಕ್ಕೂ ಕನ್ಫೆಷನ್, ಪರಮಪ್ರಸಾದ, ಪೋಪರ ಉದ್ದೇಶಕ್ಕಾಗಿ ಪ್ರಾರ್ಥನೆ, ಯಾವ ಪಾಪದ ಮೇಲೂ ಆಸೆ ಉಳಿಸಿಕೊಳ್ಳದ ಮನಸ್ಸು, ಇಷ್ಟು ಬೇಕು. ಕನ್ಫೆಷನ್ ಅದೇ ದಿನ ಆಗಬೇಕೆಂದಿಲ್ಲ, ಸುಮಾರು 20 ದಿನ ಹಿಂದೆ ಮುಂದೆ ಆದರೂ ನಡೆಯುತ್ತದೆ. ಆದರೆ ಮಾರಕ ಪಾಪ ಇಟ್ಟುಕೊಂಡವರು ಪರಮಪ್ರಸಾದಕ್ಕಿಂತ ಮೊದಲೇ ಮಾಡಬೇಕು. ವಿಷಯ ಗಂಭೀರವಾಗಿದ್ದು, ಗೊತ್ತಿದ್ದೂ, ಮನಸ್ಸಾರೆ ಮಾಡಿದರೆ ಅದು ಮಾರಕ. ಬಡ ರೈತರ ತೂಕವನ್ನು ಸುಗ್ಗಿಗಟ್ಟಲೆ ಹೊಡೆದದ್ದು ಅರ್ಧ ಕಿಲೋ ಅರ್ಧ ಕಿಲೋ ಅಂತ ಸಣ್ಣದಾಗುವುದಿಲ್ಲ. ಎಲ್ಲಾ ಕೂಡಿಸಿಯೇ ನೋಡುತ್ತಾರೆ.

ಗುರುಗಳ ಮುಂದೆ ಎಷ್ಟು ಹೇಳಬೇಕು? ಹಿಂದಿನ ಕನ್ಫೆಷನ್ ಆಗಿ ಎಷ್ಟು ವರ್ಷವಾಯಿತು, ಯಾವ ಪಾಪ, ಎಷ್ಟು ಸಲ. ಲೆಕ್ಕ ಪಕ್ಕಾ ಇಲ್ಲದಿದ್ದರೆ "ಇಷ್ಟು ಸುಗ್ಗಿ, ದಿನಾಲೂ" ಅಂದರೆ ಸಾಕು. ಮಾಲೀಕನ ಹೆಸರು ಹೇಳಬಾರದು. ಪಾಪದಲ್ಲಿ ಪಾಲುದಾರರಾದವರ ಹೆಸರು ಕೇಳಬಾರದೆಂದು ಗುರುಗಳಿಗೂ ಕ್ಯಾಥೊಲಿಕ್ ಸಭೆಯ ಕಾನೂನೇ ಇದೆ (ಕ್ಯಾನನ್ 979). ಮರೆತು ಬಿಟ್ಟದ್ದಕ್ಕೂ ಕ್ಷಮೆ ಸಿಗುತ್ತದೆ, ನೆನಪಾದಾಗ ಮುಂದಿನ ಸಲ ಹೇಳಿದರಾಯಿತು. ನಾಚಿಕೆಗೆ ಬೇಕಂತಲೇ ಒಂದನ್ನು ಮುಚ್ಚಿಟ್ಟರೆ ಮಾತ್ರ ಇಡೀ ಕನ್ಫೆಷನ್ ಕೆಟ್ಟಂತೆ, ಎಲ್ಲಾ ಮೊದಲಿಂದ.

ಶುಭ ಶುಕ್ರವಾರದ ಸಾಲಿನಲ್ಲಿ ಹೋಗಿ ನಿಲ್ಲಬೇಡಿ. ಹಿಂದೆ ಐವತ್ತು ಮಂದಿ ಕಾಯುತ್ತಿರುವಾಗ ಇಂಥ ವಿಷಯ ಬಿಡಿಸಿ ಹೇಳಲು ಆಗುವುದಿಲ್ಲ. ತಪಸ್ಸುಕಾಲದ (ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳ) ಶುರುವಿಗೇ ಫಾದರ್ ಹತ್ತಿರ ಬೇರೆ ಸಮಯ ಕೇಳಿ ಹೋಗಲಿ.

ವಹಿಖಾತೆ:
ರೊಕ್ಕದ ಮಾತು ನಾ ಹೇಳ್ತೀನ್ರಿ. ವಾಪಸ್ ಕೊಡಬೇಕು, ಎರಡು ಮಾತಿಲ್ಲ. ಕೊಡೋ ಮನಸೇ ಇಲ್ಲಂದ್ರ ಪಶ್ಚಾತ್ತಾಪನೇ ಖೊಟ್ಟಿ, ಫಾದರ್ ಪಾಪವಿಮೋಚನೆ ತಡದು ಹಿಡೀಬಹುದು. ಕೊಡೋ ಮನಸದ, ಕೈಯಾಗ ಇಲ್ಲ ಅಂದ್ರ ಕ್ಷಮಾ ಈಗಲೇ ಸಿಗ್ತದ, ರೊಕ್ಕ ಕಂತಿನ್ಯಾಗ ಕೊಡಬಹುದು.

ಲೆಕ್ಕ ಹಿಂಗ ಹಾಕ್ರಿ. ಒಂದು ಸುಗ್ಗಿಗೆ ಅಂದಾಜು 2,000 ಕ್ವಿಂಟಲ್ ತೂಗ್ಯಾನ ಅಂತ ತಿಳಕೋರಿ. ಅರ್ಧ ಕಿಲೋದಂಗ 1,000 ಕಿಲೋ, ಅಂದ್ರ 10 ಕ್ವಿಂಟಲ್. ಆವಾಗಿನ ದರ 6,000 ಇದ್ರ 60,000 ರೂಪಾಯಿ. ಬೈಬಲಿನ ಯಾಜಕಕಾಂಡ 6ರಾಗ ಅಸಲಿನ ಮ್ಯಾಲ ಐದನೇ ಒಂದು ಪಾಲು ಕೂಡಿಸಿ ಕೊಡು ಅಂತದ, ಹಂಗ ನೋಡಿದ್ರ 72,000. ಸುಂಕ ವಸೂಲಿ ಮಾಡ್ತಿದ್ದ ಜಕ್ಕಾಯ ತಾನು ಮೋಸ ಮಾಡಿದವರಿಗೆ ನಾಕ್ಪಟ್ಟು ಕೊಡ್ತೀನಿ ಅಂದ (ಲೂಕ 19:8), ಅದು ಅಂವಾ ತಾನಾಗೇ ಹೇಳಿದ್ದು. ಕ್ಯಾಥೊಲಿಕ್ ಕಟ್ಟಳೆಗೆ ಅಸಲು ನುಕ್ಸಾನ್ ತುಂಬಿಕೊಟ್ರ ಆತು.

ಎಲ್ಲಾ ಇವನ ತಲಿ ಮ್ಯಾಲೇನಾ? ಇಲ್ಲ. ಮಾಲು ಯಾರ ಗೋದಾಮಿಗೆ ಹೋಯ್ತೋ, ಯಾರು ಹುಕುಂ ಮಾಡಿದ್ರೋ ಅವರೇ ಮೊದಲು ಕೊಡಬೇಕು. ಇವನಿಗೆ ಇನಾಮು ಅಂತ ಏನು ಸಿಕ್ಕದೋ ಅದು ಪೂರಾ ಇವನೇ ಕೊಡಬೇಕು. ಉಳಿದದ್ದು ಮಾಲೀಕ ಕೊಡದಿದ್ರ ಇವನ ಕಡೀಗೂ ಬರ್ತದ, ಯಾಕಂದ್ರ ಕಾಟಾ ಇವನ ಕೈಯಾಗಿತ್ತು. ಎಷ್ಟು ಪಾಲು ಅನ್ನೋದು ಫಾದರ್ ಕೂಡ ಕುಂತು ತೀರ್ಮಾನ ಮಾಡೋದು. ನೌಕರಿ ಹೋಗೋ ಹೆದರಿಕಿ ಎಷ್ಟಿತ್ತು ಅನ್ನೋದನ್ನೂ ಅವರು ತೂಗಿ ನೋಡ್ತಾರ.

ಯಾರಿಗೆ ಅಂದ್ರ, ಗೊತ್ತಿರೋ ರೈತರಿಗೇ. ಸತ್ತಿದ್ರ ಅವರ ವಾರಸುದಾರರಿಗೆ. ಕಾರಣ ಹೇಳಬೇಕಾಗಿಲ್ಲ, ತಾನೇ ಹೋಗಬೇಕಂತಾನೂ ಇಲ್ಲ. ಫಾದರ್ ಕೈಯಿಂದ ಮುಟ್ಟಿಸಿದ್ರೂ ನಡೀತದ, ಹೆಸರು ಹೊರಗ ಬರೋದಿಲ್ಲ. ಹೆಸರು ಗೊತ್ತಿಲ್ಲದೆ ಬರೀ ಊರು ಗೊತ್ತಿದ್ರ ಆ ಊರಿನ ಬಡವರಿಗೆ. ಏನೂ ಗೊತ್ತಿಲ್ಲಂದ್ರ ಮಾತ್ರ ಬೇರೆ ಬಡವರಿಗೆ. ಭಾಳ ಮಂದಿ ತಪ್ಪೋದು ಏನಂದ್ರ, ರೈತ ಕಣ್ಣ ಮುಂದೇ ಇದ್ದಾಗೂ ರೊಕ್ಕ ಒಯ್ದು ಚರ್ಚಿನ ಕಾಣಿಕಿ ಡಬ್ಬಿಗೆ ಹಾಕ್ತಾರ. ಅದು ಲೆಕ್ಕಕ್ಕ ಬರಲ್ಲ.

ಬೀದರಿನ ಮೆಥಡಿಸ್ಟ್:
ನಮ್ಮಲ್ಲಿ ಪಾಸ್ಟರ್ ಮುಂದೆ ಒಬ್ಬೊಬ್ಬರೇ ಪಾಪ ಹೇಳಿಕೊಳ್ಳುವ ಕಟ್ಟಳೆ ಇಲ್ಲ. 1 ಯೋಹಾನ 1:9ರಂತೆ ನೇರ ದೇವರ ಮುಂದೆ. ಮನಸ್ಸು ಭಾರವಾಗಿದ್ದವರು ಪಾಸ್ಟರ್ ಹತ್ತಿರ ಮಾತಾಡಬಹುದು, ಬೇಡ ಅನ್ನುವವರಿಲ್ಲ. ಆದರೆ ಇದು ಸಸ್ತಾ ದಾರಿ ಅಂತ ತಿಳಿಯಬೇಡಿ. ಮೆಥಡಿಸ್ಟ್ ಪಂಗಡ ಶುರು ಮಾಡಿದ ಜಾನ್ ವೆಸ್ಲಿ 1784ರಲ್ಲಿ ಅಮೆರಿಕದ ಮೆಥಡಿಸ್ಟರಿಗೆ ಕಳಿಸಿದ ಆರಾಧನಾ ಕ್ರಮದಲ್ಲೇ, ಪ್ರಭುಭೋಜನಕ್ಕೆ (ನಮ್ಮಲ್ಲಿ ರೊಟ್ಟಿ, ದ್ರಾಕ್ಷಾರಸ ಕೊಡುವ ಆರಾಧನೆಗೆ) ಕರೆಯುವ ಮಾತಿನಲ್ಲಿ ಷರತ್ತುಗಳಿವೆ. ನಿಜವಾಗಿ ಪಶ್ಚಾತ್ತಾಪ ಪಟ್ಟಿರಬೇಕು, ನೆರೆಯವರೊಂದಿಗೆ ಪ್ರೀತಿಯಿಂದಿರಬೇಕು, ಹೊಸ ಬಾಳಿಗೆ ಮನಸ್ಸು ಮಾಡಿರಬೇಕು. ಅವನ್ನು ಇಂಗ್ಲೆಂಡ್ ಸಭೆಯ ಹಳೆಯ ಪ್ರಾರ್ಥನಾ ಪುಸ್ತಕದಿಂದ ತೆಗೆದುಕೊಂಡದ್ದು. ಜೊತೆಗೆ ಮತ್ತಾಯ 5:23-24: ಕಾಣಿಕೆಯನ್ನು ವೇದಿಕೆಯ ಮುಂದೆಯೇ ಬಿಟ್ಟು ಮೊದಲು ಸಹೋದರನ ಹತ್ತಿರ ಹೋಗು. ಹಾಗಾಗಿ ರೈತನ ವಿಷಯದಲ್ಲಿ ಬೀದರಿನ ಬೀಗರೂ ವಹಿಖಾತೆಯವರು ಹೇಳಿದ್ದನ್ನೇ ಹೇಳುತ್ತಾರೆ. ಇಂಡಲ್ಜೆನ್ಸ್ ಮಾತ್ರ ಒಪ್ಪುವುದಿಲ್ಲ. ಆ ವಾದ ಇಲ್ಲಿ ಬೇಡ.

ಶಹಾಪುರದಾಂವ:
ಭಾಳ ಉಪಕಾರ ಆತ್ರಿ. ಇನ್ನೊಂದು ಮಾತು. ಮಾಲೀಕ ಇವನ ಕಡೀ ಎರಡು ತಿಂಗಳ ಪಗಾರ ಕೊಟ್ಟಿಲ್ಲ. ಆ ಸಿಟ್ಟು ಇಟ್ಕೊಂಡು ಕನ್ಫೆಷನ್‌ಗೆ ಹೋಗಬಹುದಾ? ಕ್ಷಮಾ ಮಾಡಬೇಕಂದ್ರ ಪಗಾರ ಬಿಡಬೇಕಾ?

ಜಪಸರ:
ಪಗಾರ ಬಿಡಬೇಕಾಗಿಲ್ಲ. ಮತ್ತಾಯ 18ರಲ್ಲಿ ಯೇಸು ಹೇಳಿದ ಕಥೆಯ ಸೇವಕನಿಗೆ ಒಡೆಯ ಬಿಟ್ಟದ್ದು 10,000 ತಲಾಂತು ಸಾಲ. ಒಂದು ತಲಾಂತಿಗೆ 6,000 ದಿನಾರಿ, ಒಂದು ದಿನಾರಿ ಒಂದು ದಿನದ ಕೂಲಿ. ಅಲ್ಲಿಗೆ ಆರು ಕೋಟಿ ದಿನದ ಕೂಲಿ ಆಯಿತು. ಅಷ್ಟು ಬಿಡಿಸಿಕೊಂಡವನು 100 ದಿನಾರಿಗಾಗಿ ಜೊತೆಗಾರನ ಕುತ್ತಿಗೆ ಹಿಡಿದ. ಕುತ್ತಿಗೆ ಹಿಡಿಯುವುದನ್ನು, ಅವನು ಹಾಳಾಗಿ ಹೋಗಲಿ ಅನ್ನುವುದನ್ನು ಬಿಡಬೇಕು. ಸಿಟ್ಟು ತಾನಾಗಿ ಬರುತ್ತದೆ, ಅದಕ್ಕೆ ಹೆದರಬೇಡಿ. ಕೆಡುಕು ಬಯಸುವುದಿಲ್ಲ ಅಂತ ಮನಸ್ಸು ಗಟ್ಟಿ ಮಾಡಿಕೊಂಡು ಹೋದರೆ ಸಾಕು.

ವಹಿಖಾತೆ:
ಪಗಾರಕ್ಕ ಕಾರ್ಮಿಕ ಇಲಾಖೆ ಕಚೇರಿಗೆ ಅರ್ಜಿ ಕೊಡ್ಲಿ, ಅದರಾಗ ಪಾಪ ಏನಿಲ್ಲ. ಅದು ಬಂದಮ್ಯಾಲ ರೈತರದು ಕೊಡ್ತೀನಿ ಅಂತ ಎರಡಕ್ಕೂ ಗಂಟು ಹಾಕೋದು ಮಾತ್ರ ಬ್ಯಾಡ. ಪಗಾರ ಮಾಲೀಕನ ಬಾಕಿ, ತೊಗರಿ ರೈತಂದು. ಈ ತಿಂಗಳೇ ಐನೂರಾದ್ರೂ ತೆಗೆದಿಡೋದು ಚಾಲೂ ಮಾಡ್ಲಿ.